ಷ್ಟೆಫ್‌ನ ಸೆಕೆಂಡ್‌ಹ್ಯಾಂಡ್ ಮುಳ್ಳು

ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ, ನಾನು ಇಲ್ಲವೆನ್ನುವುದಿಲ್ಲ. ನನ್ನ ಹೆಂಡತಿ ನೆವೆಂಕಾ ತನ್ನದೇ ಹಾಡನ್ನು ನಮ್ಮ ಹಳೇ ಗೆಳೆಯ ಷ್ಟೆಫ್‌ನ ಮನೆಯಲ್ಲಿ ಕೇಳಿ ಅತ್ತಳು. ಅದೇ ಹಾಡನ್ನು ನಮ್ಮ ಮನೆಯಲ್ಲಿ ಹಾಕಿದರೆ ಬಟಾಣಿ ಸುಲಿಯುತ್ತಾ ಕೂರುತ್ತಾಳೆ. ಯಾವ ಗಂಡಸಿಗೆ ಮೈ ಉರಿಯುವುದಿಲ್ಲ?

ಆ ಹಾಡು ಅಂಥಿಂಥದ್ದಲ್ಲ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಅವಳ ಬಿಸ್ಕತ್ತು ಕಾರ್ಖಾನೆಯ ಗಾಯನ ತಂಡ ಮೇ ದಿನಕ್ಕೆಂದು ಒಂದು ಪುಟ್ಟ ರೆಕಾರ್ಡು ಮಾಡಿಸಿ, ತಂಡದವರಿಗೆ ತಲಾ ಒಂದು ಹಂಚಿತ್ತು. ಅದರಲ್ಲಿ ಉಳಿದವರೆಲ್ಲ ಸುಮ್ಮನಾಗಿ ನೆವೆಂಕಾ ಒಬ್ಬಳೇ ಹಾಡುವ ಎಂಟು ಸಾಲುಗಳಿವೆ. ಆರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಈಗ ಅವಳದು ಗೊಗ್ಗರು ದನಿ, ಹಾಡುವ ಮಾತೇ ಇಲ್ಲ. ಅವಳು ಹಾಡುತ್ತಿದ್ದಳು ಎನ್ನುವುದಕ್ಕೆ ಉಳಿದಿರುವುದು ಆ ಎಂಟು ಸಾಲು ಮಾತ್ರ. ಅದನ್ನು ಅವಳಿಗೆ ಕೇಳಿಸಬೇಕಾದವನು ಗಂಡನಾದ ನಾನು, ಆ ಬ್ರಹ್ಮಚಾರಿ ಷ್ಟೆಫ್ ಅಲ್ಲ. ಅವನೂ ಅದೇ ತಂಡದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಗುಂಯ್‌ಗುಡುತ್ತಿದ್ದ, ಅಷ್ಟೆ.

ನನಗೂ ಅವನಿಗೂ ಮೂವತ್ತು ವರ್ಷದಿಂದ ಒಂದೇ ಜಗಳ, ಕಾರ್ಟ್ರಿಡ್ಜಿನದು. ಪ್ಲೇಯರಿನ ತೋಳಿನ ತುದಿಗೆ ಕಚ್ಚಿಕೊಂಡಿರುವ ಹೆಬ್ಬೆರಳುಗುರಿನಷ್ಟು ಡಬ್ಬಿ ಅದು. ಕೆಳಗೊಂದು ವಜ್ರದ ಮುಳ್ಳು, ರೆಕಾರ್ಡಿನ ಗೆರೆಯಲ್ಲಿ ಓಡುವುದು ಅದೇ. ನಾನು ಬಸ್ಸು ಹತ್ತಿ ಗಡಿಯಾಚೆಯ ಗ್ರಾಜ್ ಪಟ್ಟಣಕ್ಕೆ ಹೋಗಿ, ಸೀಲು ಒಡೆಯದ ಪೆಟ್ಟಿಗೆಯಲ್ಲಿ ಹೊಸದನ್ನೇ ತರುವವನು. ಷ್ಟೆಫ್ ಭಾನುವಾರ ಬೆಳಗ್ಗೆ ಹ್ರೆಲಿಚ್ ಸಂತೆಯಲ್ಲಿ, ಹಿಡಿಯಿಲ್ಲದ ಬಾಣಲೆಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹಳೆಯದನ್ನು ಹೆಕ್ಕುವವನು.

“ಯಾವ ಸತ್ತೋನ ಬಾಯಿಂದ ಕಿತ್ಕೊಂಡ್ಬಂದ್ಯೋ ಈ ಹಲ್ಲು?” ಎಂದು ಛೇಡಿಸುತ್ತಿದ್ದೆ.

“ಹೊಸ ಬೂಟು ಕಚ್ಚುತ್ತೆ ವಿಲ್ಕೊ. ಇನ್ನೊಬ್ಬ ಹಾಕಿ ಪಳಗಿಸಿದ್ರೆ ಕಾಲಿಗೆ ಹಿತ” ಎನ್ನುತ್ತಿದ್ದ.

“ಇನ್ನೊಬ್ಬರ ಬೂಟಿಗೆ ಕಾಲು ತೂರಿಸೋದು ನಿಂಗೆ ಅಭ್ಯಾಸ ಬಿಡು.”

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ನಾನೂ ನೆವೆಂಕಾಳೂ ಅವನ ಮನೆಗೆ ಹೋಗಿದ್ದೆವು. ವೈನಿಗೆ ಸೋಡಾ ಬೆರೆಸಿ ಕೊಟ್ಟ. ಆಮೇಲೆ ತನ್ನ ಪಾಲಿಗೆ ಬಂದಿದ್ದ ಆ ರೆಕಾರ್ಡು ಹಾಕಿದ. ನೆವೆಂಕಾ ಲೋಟ ಕೆಳಗಿಟ್ಟಳು. ಎಂಟು ಸಾಲು ಮುಗಿಯುವಷ್ಟರಲ್ಲಿ ಅವಳ ಕೆನ್ನೆಯೆಲ್ಲ ಒದ್ದೆ.

“ಇದು ನಾನು. ಉಸಿರು ಎಳ್ಕೊಳ್ಳೋದೂ ಕೇಳಿಸ್ತು” ಎಂದಳು.

ಷ್ಟೆಫ್ ಪ್ಲೇಯರಿನ ತೋಳೆತ್ತಿ, ರೆಕಾರ್ಡನ್ನು ಕವಚಕ್ಕೆ ಸೇರಿಸಿ, ನನ್ನ ಕಡೆ ನೋಡದೆ ಅಡುಗೆಮನೆಗೆ ಹೋದ. ನಾನು ನೋಡಿದ್ದು ಅವನ ಪ್ಲೇಯರಿನ ಹಳೇ ಕಾರ್ಟ್ರಿಡ್ಜನ್ನು, ಬಣ್ಣ ಹೋದ ಅದರ ಮೂತಿಯನ್ನು.

ಮರುವಾರವೇ ಗ್ರಾಜ್‌ಗೆ ಹೋಗಿ ಒಂದು ತಿಂಗಳ ಪಿಂಚಣಿ ಸುರಿದು ಅಂಗಡಿಯಲ್ಲಿದ್ದ ಅತಿ ಒಳ್ಳೆಯದನ್ನು ತಂದೆ. ತೋಳಿಗೆ ಸಿಕ್ಕಿಸಿ, ನೆವೆಂಕಾಳನ್ನು ಕರೆದು ಕುರ್ಚಿ ಹಾಕಿ ಕೂರಿಸಿ ನಮ್ಮ ರೆಕಾರ್ಡು ಹಾಕಿದೆ.

“ಚೆನ್ನಾಗಿದೆ. ಯಾರೋ ಹಾಡ್ತಿದ್ದಾಳೆ” ಎಂದಳು.

“ಯಾರೋ ಅಲ್ಲ ಕಣೇ, ನೀನು.”

“ಹಾಗಂತ ನೀನು ಹೇಳ್ತೀಯ.”

ಮಾನ ಬಿಟ್ಟು ಹ್ರೆಲಿಚ್‌ಗೂ ಹೋದೆ. ಷ್ಟೆಫ್‌ನದೇ ಜಾತಿಯ ಕಾರ್ಟ್ರಿಡ್ಜ್ ಒಂದು ಸಿಕ್ಕಿತು. ಎಷ್ಟು ಗಂಟೆ ಓಡಿದೆ ಎಂದು ಕೇಳಿದೆ.

“ಒಂದು ಮುದುಕಿ ಯಜಮಾನ್ರೇ, ಪಾಪ, ಕ್ರಿಸ್‌ಮಸ್ಸಿಗೊಂದ್ಸಲ ಹಾಕೋಳು” ಎಂದ ಮಾರುವವನು. ಹ್ರೆಲಿಚ್‌ನ ಅಷ್ಟೂ ಕಾರ್ಟ್ರಿಡ್ಜುಗಳು ಆ ಒಬ್ಬಳೇ ಮುದುಕಿಯವು. ಆದರೂ ಕೊಂಡೆ. ಮನೆಯಲ್ಲಿ ಹಾಕಿದಾಗ ಮತ್ತೆ ಅದೇ ‘ಯಾರೋ’. ನಮ್ಮ ತೋಳು ಸರಿಯಿಲ್ಲ, ತಂತಿ ಸರಿಯಿಲ್ಲ ಎಂದು ನಾನು ಗೊಣಗುತ್ತಿದ್ದರೆ ನೆವೆಂಕಾ, “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ” ಎಂದು ಎದ್ದುಹೋದಳು.

ಆಗ ನನಗೆ ಹೊಳೆಯಿತು. ಷ್ಟೆಫ್‌ನ ಮುಳ್ಳು ಸವೆದುಹೋಗಿದೆ, ಮೊಂಡು ಮುಳ್ಳು ದನಿಯನ್ನು ಮೆತ್ತಗೆ ಮಾಡಿ ಮೋಸ ಮಾಡುತ್ತಿದೆ. ನಮ್ಮಂಥ ರೆಕಾರ್ಡು ಹುಚ್ಚರಲ್ಲಿ ಒಂದು ರೂಢಿಯಿದೆ: ಒಬ್ಬನ ಮುಳ್ಳಿನ ಮೇಲೆ ಇನ್ನೊಬ್ಬನಿಗೆ ಅನುಮಾನ ಬಂದರೆ ಎದುರೆದುರೇ ಮೈಕ್ರೋಸ್ಕೋಪಿನಡಿ ಇಡಬೇಕು. ಒಲ್ಲೆ ಎಂದವನು ಸೋತ ಹಾಗೆ. ಫೋನು ಮಾಡಿ ಸವಾಲು ಹಾಕಿದೆ. ನೆವೆಂಕಾಳ ಕಣ್ಣೆದುರೇ ಅವನ ಮುಖ ಸಣ್ಣದಾಗುವುದನ್ನು ನೋಡಬೇಕಿತ್ತು ನನಗೆ. ಸುಳ್ಳೇಕೆ ಹೇಳಲಿ, ಹಿಂದಿನ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಭಾನುವಾರ ಊಟದ ಹೊತ್ತಿಗೆ ಬಂದ, ಕಾರ್ಟ್ರಿಡ್ಜನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ತಂದಿದ್ದ. ನಾನು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದೆ. ಮುಳ್ಳಿನ ತುದಿ ದುಂಡಗೆ, ನುಣ್ಣಗೆ, ಒಂದಿಷ್ಟೂ ಚಪ್ಪಟೆಯಾಗದೆ ನಿಂತಿತ್ತು. ಹಳೇ ಮುಳ್ಳು ಹಾಗಿರಲು ಸಾಧ್ಯವೇ?

“ಡಬ್ಬಿ ಹಳೇದು, ಮುಳ್ಳು ಹೊಸದು. ನಿನ್ನ ಹತ್ರ ಒಪ್ಕೊಳ್ಳೋಕೆ ನಾಚ್ಕೆ ಆಗಿತ್ತು” ಎಂದ ಷ್ಟೆಫ್.

“ಹಾಗಾದ್ರೆ ಅದನ್ನೇ ನನ್ನ ತೋಳಿಗೆ ಹಾಕು.”

ಹಾಕಿದ. ನಮ್ಮ ರೆಕಾರ್ಡು ತಿರುಗಿತು. ನೆವೆಂಕಾ ಕೇಳಿ, ಇಲ್ಲ ಎಂದು ತಲೆಯಾಡಿಸಿದಳು. ಅವನದೇ ಮುಳ್ಳಿನಲ್ಲೂ ಅದೇ ಪರಕೀಯ ಹೆಂಗಸು.

ಷ್ಟೆಫ್ ಕನ್ನಡಕ ಒರೆಸಿಕೊಂಡ. “ಮುಳ್ಳು ಬಿಡು ಮಾರಾಯ. ರೆಕಾರ್ಡು ಇಡು ಅದರಡಿ.”

ಇಟ್ಟೆ. ಪಕ್ಕದಿಂದ ಟಾರ್ಚು ಬಿಟ್ಟೆ. ತಂಡದವರು ಹಾಡುವ ಕಡೆ ಗೆರೆಗಳು ಕಪ್ಪಗೆ, ಅಂಚು ಚೂಪಾಗಿ ಇದ್ದವು. ನೆವೆಂಕಾಳ ಎಂಟು ಸಾಲಿಗೆ ಬಂದರೆ ಎಲ್ಲ ಬೂದಿ ಬಣ್ಣ, ಗೆರೆಗಳ ಗೋಡೆಗಳು ಸವೆದು ಕುಸಿದು ಒಂದರ ಮೇಲೊಂದು ಒರಗಿದ್ದವು. ಆ ಜಾಗಕ್ಕೆ ಮಾತ್ರ ಅಷ್ಟು ಸಲ ಮುಳ್ಳು ಇಟ್ಟವರು ಯಾರು? ನಾನೇ. ಮದುವೆಯಾದ ಹೊಸತರಲ್ಲಿ ನಮ್ಮಲ್ಲಿದ್ದದ್ದು ಸೂಟ್‌ಕೇಸ್ ಪ್ಲೇಯರು, ಅದರ ತೋಳು ಸುತ್ತಿಗೆಯಷ್ಟು ಭಾರ. ಮನೆಗೆ ಬಂದವರಿಗೆಲ್ಲ, ಟ್ರಾಮ್ ಡಿಪೋದ ಗೆಳೆಯರಿಗೆ, ಮೀಟರ್ ನೋಡಲು ಬಂದವನಿಗೂ ಸರಿಯಾಗಿ ಅಲ್ಲಿಗೇ ಮುಳ್ಳು ಕುಟ್ಟಿ, “ಕೇಳ್ರಪ್ಪ, ನನ್ನ ಹೆಂಡ್ತಿ” ಎನ್ನುತ್ತಿದ್ದೆ. ಇಪ್ಪತ್ತು ವರ್ಷ ಹಾಗೇ ಮಾಡಿದೆ.

ತಪ್ಪು ಒಪ್ಪಿಕೊಳ್ಳುವ ಬುದ್ಧಿ ಆಗಲೂ ಬರಲಿಲ್ಲ. “ನೀನೆಷ್ಟು ಸಲ ಹಾಕಿದೀಯೋ?” ಎಂದು ಷ್ಟೆಫ್‌ನ ಮೇಲೇ ಎರಗಿದೆ.

ಉತ್ತರ ಕೊಟ್ಟವಳು ನೆವೆಂಕಾ.

“ಆರು ಸಲ. ಆಪರೇಷನ್ ಆದ್ಮೇಲೆ, ವರ್ಷಕ್ಕೊಂದು.”

ನನಗೆ ಗೊತ್ತಿದ್ದದ್ದು ಒಂದೇ ಸಲ. ಉಳಿದ ಐದು ಸಲ ಇವಳು ಒಬ್ಬಳೇ ಹೋಗಿದ್ದಳು, ತಂಗಿಯ ಮನೆಗೆಂದು ಹೇಳಿಯೋ ಏನೋ. ನಾನು ಷ್ಟೆಫ್‌ನ ಕಡೆ ತಿರುಗಿದೆ.

“ಅದಕ್ಕೂ ಮುಂಚೆ?”

“ಹಾಕಿರ್ಲಿಲ್ಲ” ಎಂದ ಷ್ಟೆಫ್.

“ನಲವತ್ತು ಚಿಲ್ಲರೆ ವರ್ಷ ಇಟ್ಕೊಂಡು ಒಂದ್ಸಲಾನೂ ಹಾಕಿರ್ಲಿಲ್ವಾ? ಯಾಕೆ?”

“ಆಗ ಅವಳೇ ಹಾಡ್ತಿದ್ದಳಲ್ಲ” ಎಂದ. ಆಮೇಲೆ ನನ್ನ ಕಡೆಯಲ್ಲ, ಅವಳ ಕಡೆ ತಿರುಗಿ, “ನಿಂದೇ ಅದು ನೆವೆಂಕಾ. ಬೇಕಂದ್ರೆ ಈಗ್ಲೇ ಹೋಗಿ ತಂದ್ಕೊಡ್ತೀನಿ” ಎಂದ.

ನಾನು ಬಾಯಿ ಹಾಕಿದೆ. “ತಾ. ಇನ್ಮೇಲೆ ಅವಳು ಅವಳ ಮನೇಲೇ ಕೇಳ್ಲಿ.”

ನೆವೆಂಕಾ ನನ್ನ ಭುಜದ ಮೇಲೆ ಕೈಯಿಟ್ಟಳು. ಸಿಟ್ಟಿರಲಿಲ್ಲ ಅವಳಲ್ಲಿ, ಇದ್ದಿದ್ದರೆ ನಾನೂ ಎರಡು ಮಾತಾಡಿ ಉಳಿದುಕೊಳ್ಳುತ್ತಿದ್ದೆ.

“ಬೇಡ ಷ್ಟೆಫ್, ನಿನ್ನತ್ರಾನೇ ಇರ್ಲಿ” ಎಂದಳು. “ಇಲ್ಲಿಗೆ ಬಂದ್ರೆ ಇವನು ಪ್ರೀತಿಯಿಂದ ದಿನಾ ಹಾಕ್ತಾನೆ.”