ಕೆಮ್ಮುವ ಕೊಳವೆ

ದೊಡ್ಡಮ್ಮ ಮನಸಾರೆ ನಕ್ಕು ವರ್ಷಗಳೇ ಆಗಿದ್ದವು. ನಗುವುದಿರಲಿ, ಒಂದು ಕೆಮ್ಮು ಬಂದರೂ ಸಾಕು, ಬಟ್ಟೆ ಹೊಲಸಾಗುತ್ತಿತ್ತು. ಕೊನೆಯ ಹೆರಿಗೆಯಿಂದ ಅಂಟಿಕೊಂಡ ಪಾಡು ಅದು. ಮಾತಿನ ಮಲ್ಲಿ ಎನಿಸಿಕೊಂಡವಳು ಯಾರ ಮನೆಗೂ ಹೋಗುವುದನ್ನು ಬಿಟ್ಟಳು, ಬಸ್ಸು ಹತ್ತುವುದನ್ನೂ ಬಿಟ್ಟಳು. ಜಂಬ ಬಂದಿದೆ ಎಂದರು ಜನ. ಅನ್ನಲಿ ಬಿಡಿ, ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಗುಟ್ಟು ಗೊತ್ತಿದ್ದದ್ದು ತಂಗಿಯ ಮಗಳೊಬ್ಬಳಿಗೇ.

ಆ ಹುಡುಗಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮನುಷ್ಯರ ಕರುಳಿನ ತುದಿಯನ್ನು ರಬ್ಬರಿನಲ್ಲಿ ಮಾಡಿಟ್ಟುಕೊಂಡು ಅಧ್ಯಯನ ನಡೆಸುತ್ತಿದ್ದಳು. ಒಂದು ಕೊಳವೆ, ಅದರ ಬಾಯಿಗೆ ಬಿಗಿಯುವ ಬಳೆ, ಹಿಂದಿನಿಂದ ಸುತ್ತಿ ಮುಂದಕ್ಕೆ ಎಳೆಯುವ ಪಟ್ಟಿ, ಒಳಗೆ ಮಲದ ಬದಲು ಹಿಟ್ಟಿನ ಅಂಟು, ಮೇಲ್ತುದಿಗೆ ಒಂದು ಕೈಪಂಪು. ಒಂದು ದಿನ ದೊಡ್ಡಮ್ಮನನ್ನು ಬಲವಂತವಾಗಿ ಕರೆತಂದಳು.

"ಈ ಪಟ್ಟಿ ನಮ್ಮೊಳಗಿನ ಸ್ನಾಯು ಇದ್ದ ಹಾಗೆ, ನೀನು ಹಿಡ್ಕೋ. ನಾನು ಪಂಪು ಒತ್ತಿದ್ರೆ ಇದು ಕೆಮ್ಮಿದ ಹಾಗೆ. ಆಗ ಎಳಿ."

ಒತ್ತಿದಳು. ದೊಡ್ಡಮ್ಮ ಎಳೆಯುವಷ್ಟರಲ್ಲಿ ಅಂಟು ಕೆಳಗಿಟ್ಟ ತಟ್ಟೆಗೆ ಬಿದ್ದಿತ್ತು.

"ಇದೂ ನನ್ನ ಹಾಗೇ ದರಿದ್ರದ್ದು. ಬಳೆ ಬಿಗಿ ಮಾಡೇ!"

ಬಳೆ ಬಿಗಿ ಮಾಡಿದರೂ ಸೋರಿತು.

"ಬಿಗಿ ಹಿಡಿದ್ರೆ ಸಾಲಲ್ಲ ದೊಡ್ಡಮ್ಮ. ಪಟ್ಟಿ ಎಳೆದಾಗ ಕೊಳವೆ ಮಡಚ್ಕೊಳ್ಳತ್ತಲ್ಲ, ಆ ಮಡಿಕೆನೂ ತಡೀಬೇಕು. ನೀನು ಕೆಮ್ಮಾದ್ಮೇಲೆ ಎಳೀತಿದ್ದೀಯ. ಮುಂಚೆನೇ ಎಳಿ."

"ಕೆಮ್ಮೇನು ಹೇಳಿ ಕೇಳಿ ಬರತ್ತೇನೇ?"

"ಗಂಟಲು ಕೆರೆಯಲ್ವಾ?"

ಈ ಸಲ ಹುಡುಗಿಯ ಹೆಬ್ಬೆರಳು ಅಲುಗಿದ್ದೇ ತಡ, ದೊಡ್ಡಮ್ಮ ಎಳೆದಳು. ಕೊಳವೆ ಮೊಣಕೈಯಂತೆ ಮಡಚಿಕೊಂಡಿತು. ತಟ್ಟೆಗೆ ಒಂದು ಹನಿಯೂ ಬೀಳಲಿಲ್ಲ. ಅವಳಿಗೆ ನಂಬಿಕೆಯೇ ಬರಲಿಲ್ಲ, ಮತ್ತೆ ಮತ್ತೆ ಒತ್ತಿಸಿದಳು.

"ನನ್ನದು ಹರಿದೇ ಹೋಗಿದೆ ಅಂದ್ಕೊಂಡಿದ್ದೆ ಕಣೇ."

"ಬೆಳಿಗ್ಗೆ ಇಲ್ಲಿ ಡಾಕ್ಟ್ರು ಪರೀಕ್ಷೆ ಮಾಡಿ ನೋಡಿದ್ರಲ್ಲ, ಹರಿದಿಲ್ಲ. ಸೋಮಾರಿ ಆಗಿದೆ ಅಷ್ಟೆ. ಕಲಿಸಿದ್ರೆ ಕಲಿಯತ್ತೆ."

ದೊಡ್ಡಮ್ಮನ ಕಣ್ಣು ತುಂಬಿತು. ಇಷ್ಟು ವರ್ಷ ತನ್ನನ್ನೇ ತಾನು ಬೈದುಕೊಂಡಿದ್ದಳು, ಪಾಪ.

ಅಂದಿನಿಂದ ಮನೆಯಲ್ಲೇ ದಿನವೂ ಒಳಗಿನ ಪಟ್ಟಿಯನ್ನು ಎಳೆದು ಹಿಡಿಯುವ ಪಾಠ ನಡೆಯಿತು. ಒಂದು ದಿನ ಮೈ ಮಾತು ಕೇಳಿತು, ಇನ್ನೊಂದು ದಿನ ಹಟ ಹಿಡಿಯಿತು. ಅವಳೂ ಹಟಮಾರಿಯೇ. ಚಳಿ ಮುಗಿಯುವ ಹೊತ್ತಿಗೆ ಕಿಕ್ಕಿರಿದ ಬಸ್ಸಿನಲ್ಲಿ, ನಿಂತುಕೊಂಡೇ, ಒಬ್ಬಳೇ ಆಸ್ಪತ್ರೆಗೆ ಬಂದಿಳಿದಳು.

ಕೋಣೆಗೆ ಬಂದವಳೇ ಕೊಳವೆಯನ್ನು ತಾನೇ ತೊಳೆದು, ಎಳೆಕೂಸಿನ ಮೈ ಒರೆಸುವಂತೆ ಒರೆಸಿದಳು. "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ," ಎಂದಳು.

ರಬ್ಬರಿಗೆ ಆಶೀರ್ವಾದ! ಹುಡುಗಿ ಕಿಸಕ್ಕನೆ ನಕ್ಕಳು. ದೊಡ್ಡಮ್ಮನಿಗೂ ನಗು ಉಕ್ಕಿ ಬಂತು. ಅವಳು ಮೊದಲು ಒಳಗಿನ ಪಟ್ಟಿ ಎಳೆದುಕೊಂಡಳು. ಆಮೇಲೆ ಬಿದ್ದು ಬಿದ್ದು ನಕ್ಕಳು.