ಪರಮಶಿವಯ್ಯನವರ ಐದು ಕೆವಿಎ

ಏಪ್ರಿಲ್ ತಿಂಗಳ ರಾಮನಗರದಲ್ಲಿ ಪರಮಶಿವಯ್ಯನವರು ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು. ಸುತ್ತಲಿನ ಬಂಡೆಗಳು ಹಗಲೆಲ್ಲ ಕಾಯ್ದು, ಸಂಜೆ ಆ ಕಾವನ್ನು ಊರಿನ ಮೇಲೆ ಬಿಡುವ ದಿನಗಳು ಅವು. ಬಸ್ ಸ್ಟ್ಯಾಂಡಿನ ನೆರಳಲ್ಲಿ ನಿಂತವರು ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರೆ, ಇವರು ಬೂದುಬಣ್ಣದ ಅರ್ಧತೋಳಿನ ಉಣ್ಣೆಯ ಸ್ವೆಟರಿನಲ್ಲಿ, ಹೆಗಲಿಗೆ ಖಾಕಿ ಚೀಲ ತೂಗುಹಾಕಿಕೊಂಡು, ತುಂಬಿದ ಬಿಂದಿಗೆ ಹೊತ್ತವರ ಹಾಗೆ ತೂಕವಾಗಿ ಹೆಜ್ಜೆಯಿಡುತ್ತ ಬರುವರು. “ಏನ್ ಪರಮಣ್ಣ, ಚಳಿಜ್ವರವಾ?” ಎಂದು ಯಾರಾದರೂ ಕೆಣಕಿದರೆ, “ಒಸಿ ತಡಿ, ನೀನೂ ಒಳಗ್ ಬಂದು ಕೂತ್ಕೊ, ಗೊತ್ತಾಯ್ತದೆ” ಎನ್ನುವರು.

ಅವರ ಕೆಲಸವಿದ್ದದ್ದು ತಣ್ಣಗಿನ ಕೋಣೆಗಳಲ್ಲಿ. ಬಿಡದಿಯ ಕಾರ್ಖಾನೆಗಳು, ಕನಕಪುರದ ಆಸ್ಪತ್ರೆಗಳು, ಮಾಗಡಿಯ ಕಾಲೇಜುಗಳು, ಹೀಗೆ ಎಲ್ಲಿ ಕಂಪ್ಯೂಟರ್ ಸರ್ವರ್ ಇದೆಯೋ ಅಲ್ಲಿಗೆ ಹೋಗಿ, ಕರೆಂಟು ಹೋದಾಗ ಅದನ್ನು ಆರದಂತೆ ಹಿಡಿದು ನಿಲ್ಲಿಸುವ ಯುಪಿಎಸ್ ಎಷ್ಟು ಭಾರ ಹೊರುವಂಥದ್ದಾಗಿರಬೇಕು ಎಂದು ಹೇಳುವುದು ಅವರ ಕಸುಬು. ಮಾರಾಟ ಅವರದಲ್ಲ. ಮಾಗಡಿಯಲ್ಲಿ ಮೋಟಾರು ರೀವೈಂಡಿಂಗ್ ಮಾಡುತ್ತಿದ್ದ ಕೈ, ತೊಂಬತ್ತರ ದಶಕದಲ್ಲಿ ಊರೂರಿಗೆ ಕಂಪ್ಯೂಟರ್ ಬಂದ ಮೇಲೆ ಈ ಕಡೆ ಹೊರಳಿತ್ತು.

ಇದೇ ಕಸುಬಿನ ಉಳಿದವರು ಬಂದರೆ ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿ ಓದಿ, ಕೂಡಿ, ಎರಡರಿಂದ ಗುಣಿಸಿ ಹೋಗಿಬಿಡುತ್ತಿದ್ದರು. ಪರಮಶಿವಯ್ಯನವರು ಕುರ್ಚಿ ಕೇಳುತ್ತಿದ್ದರು. ತಂತಿಗೆ ಟಾಂಗ್ ಟೆಸ್ಟರ್ ಸಿಕ್ಕಿಸಿ, ಅದರಲ್ಲಿ ಏರಿಳಿಯುವ ಆಂಪಿಯರಿನ ಅಂಕಿಯನ್ನು ಕಾಲುಗಂಟೆಗೊಮ್ಮೆ ಚಿಕ್ಕ ಪುಸ್ತಕದಲ್ಲಿ ಬರೆಯುತ್ತ, ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದರು. ಅಷ್ಟೇ ಅಲ್ಲದೆ ಕೆಲಸದ ಬಿಡುವು ನೋಡಿ ಒಮ್ಮೆ ಮೇನ್ ಸ್ವಿಚ್ ಇಳಿಸಿ, ಜನರೇಟರ್ ನೋಡಿಕೊಳ್ಳುವವನು ಎಲ್ಲಿಂದ ಎಷ್ಟು ಹೊತ್ತಿಗೆ ಓಡಿ ಬರುತ್ತಾನೆ ಎಂದು ಗಡಿಯಾರ ನೋಡುತ್ತಿದ್ದರು. ಬ್ಯಾಟರಿ ಎಷ್ಟು ಹೊತ್ತು ಬಾಳಬೇಕು ಎಂಬುದು ಆ ಮನುಷ್ಯನ ಟೀ ಕುಡಿಯುವ ಅಭ್ಯಾಸವನ್ನು ಅವಲಂಬಿಸಿದೆ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಕೊನೆಗೆ ಒಂದೇ ಒಂದು ಅಂಕಿಯನ್ನು ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕುವರು. ಬರೆದದ್ದನ್ನು ಬದಲಿಸಿದ ದಾಖಲೆಯಿರಲಿಲ್ಲ. ಊರಿನಲ್ಲಿ ಅವರ ಹೆಸರು ನಿಂತಿದ್ದದ್ದೇ ಅದರ ಮೇಲೆ.

ಅದು ಅಲುಗಾಡಿದ್ದು ಎರಡು ಸಾವಿರದ ಹದಿನಾಲ್ಕರಲ್ಲಿ. ಚನ್ನಪಟ್ಟಣದ ಹಾದಿಯಲ್ಲಿ ರೇಷ್ಮೆ ಬೆಳೆಗಾರರೂ ನೂಲು ತೆಗೆಯುವ ರೀಲರುಗಳೂ ಸೇರಿ ನಡೆಸುತ್ತಿದ್ದ ಗೂಡಿನ ಹರಾಜು ಶೆಡ್ಡೊಂದಿತ್ತು. ಹರಾಜು ಕೂಗುವುದು ನಿಂತು ಕಂಪ್ಯೂಟರಿಗೆ ಬಂದಿತ್ತು. ದಿನಕ್ಕೆ ಎರಡು ಸುತ್ತು. ಸುತ್ತಿನ ನಡುವೆ ಸರ್ವರ್ ಆರಿದರೆ ಆ ಸುತ್ತೇ ರದ್ದು. ಗೂಡು ಕಾಯುವ ಸರಕಲ್ಲ. ನಾಲ್ಕು ದಿನ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ, ಆಮೇಲೆ ಅದರಿಂದ ಎಳೆ ಬರುವುದಿಲ್ಲ. ಹಳೆಯ ಯುಪಿಎಸ್ ಆ ತಿಂಗಳಲ್ಲಿ ಮೂರು ಬಾರಿ ಕೈಕೊಟ್ಟಿತ್ತು. ಹೊಂಗನೂರಿನಿಂದ ಗೂಡು ತಂದಿದ್ದ ಗಂಗಲಕ್ಷ್ಮಮ್ಮ ಎಂಬಾಕೆ ಶೆಡ್ಡಿನ ಬಾಗಿಲಲ್ಲಿ ನಿಂತು, “ನಿಮ್ ಕಂಪ್ಯೂಟ್ರು ನಿದ್ದೆ ಮಾಡ್ಕಳ್ಳಿ, ನನ್ ಹುಳ ನಿದ್ದೆ ಮಾಡಲ್ಲ ಕಣ್ರಪ್ಪಾ” ಎಂದು ಎಲ್ಲರಿಗೂ ಕೇಳುವಂತೆ ಬೈದು ಹೋಗಿದ್ದರು. ಕಾರ್ಯದರ್ಶಿ ದ್ರಾಕ್ಷಾಯಿಣಿ ಮರುದಿನವೇ ಪರಮಶಿವಯ್ಯನವರಿಗೆ ಫೋನ್ ಮಾಡಿದರು.

ಅವರಿಗೆ ಬಿಡುವಿದ್ದದ್ದು ಶುಕ್ರವಾರ. ಹೋದರು, ಕೂತರು, ಬರೆದುಕೊಂಡರು. ಅಂಕಿ ಆರೂವರೆ ಆಂಪಿಯರ್ ದಾಟಲಿಲ್ಲ. ಅದರ ಎರಡರಷ್ಟನ್ನು ಹೊರಬಲ್ಲ ಮೂರು ಕೆವಿಎ ಸಾಮರ್ಥ್ಯದ ಯುಪಿಎಸ್ ಸಾಕು ಎಂದು ಬರೆದು ಸಹಿ ಹಾಕಿ ದ್ರಾಕ್ಷಾಯಿಣಿಯ ಕೈಗಿತ್ತರು. ಸೋಮವಾರದ ಕಮಿಟಿ ಸಭೆಯಲ್ಲಿ ಆರ್ಡರ್ ಹೋಗುವುದಿತ್ತು.

ಹೊರಗೆ ಟೀ ಅಂಗಡಿಯಲ್ಲಿ ಮುಕ್ತಿಯಾರ್ ಸಿಕ್ಕಿದ. ಇಪ್ಪತ್ತು ವರ್ಷದಿಂದ ಅಲ್ಲಿ ಗೂಡು ಕೊಳ್ಳುತ್ತಿದ್ದ ರೀಲರ್, ಇವರ ಹಳೆಯ ಸ್ನೇಹಿತ.

“ಏನ್ ಪರಮಣ್ಣ, ಅಳತೆ ಇವತ್ತು ಮಾಡಿದ್ಯಾ?”

“ಮಾಡ್ದೆ. ಯಾಕೆ?”

“ಶುಕ್ರವಾರ ಮಧ್ಯಾಹ್ನ ನಾವೆಲ್ಲ ಎಲ್ಲಿರ್ತೀವಿ? ಮಸೀದೀಲಿ. ಎರಡನೇ ಸುತ್ತಿಗೆ ಒಳಗಿದ್ದಿದ್ದು ನೊಣ ಒಂದೇ. ಮದುವೆ ಮನೇಲಿ ಎಲ್ರೂ ಧಾರೆ ನೋಡಕ್ಕೆ ಹೋದಾಗ ಪಂಕ್ತೀಲಿ ಎಲೆ ಎಣಿಸ್ದಂಗಾಯ್ತಲ್ಲೋ!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪರಮಶಿವಯ್ಯನವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಹುಟ್ಟಿದಾಗಿನಿಂದ ಕಂಡ ಸೀಮೆ, ಮೂವತ್ತು ವರ್ಷ ತಿರುಗಿದ ಮಾರುಕಟ್ಟೆ. ಆದರೆ ಕೋಣೆಯೊಳಗೆ ಕೂತಾಗ ಅವರ ಕಣ್ಣು ಅಂಕಿಯ ಮೇಲಿತ್ತು, ಹೊರಗೆ ಬರಿದಾಗಿದ್ದ ಕುರ್ಚಿಗಳ ಮೇಲಿರಲಿಲ್ಲ. “ಒಸಿ ತಡಿ” ಎಂದರು, ಅಭ್ಯಾಸಬಲದಿಂದ.

ಶನಿವಾರ ಯಾರೂ ಕರೆಯದಿದ್ದರೂ ಮತ್ತೆ ಬಂದು ಕೂತರು. ಎರಡನೇ ಸುತ್ತಿನ ಹೊತ್ತಿಗೆ ಹದಿನಾಲ್ಕು ಕಂಪ್ಯೂಟರುಗಳ ಮುಂದೆಯೂ ರೀಲರುಗಳು ಮುತ್ತಿಕೊಂಡಿದ್ದರು. ಹರಾಜು ಮುಗಿದ ಲಾಟುಗಳ ಚೀಟಿಗಾಗಿ ಎರಡು ಪ್ರಿಂಟರುಗಳು ಒಟ್ಟಿಗೆ ಬಿಸಿಯೇರಿ ಓಡತೊಡಗಿದಾಗ ಟೆಸ್ಟರಿನ ಅಂಕಿ ಹದಿನಾರಕ್ಕೆ ಜಿಗಿಯಿತು. ಅವರು ಸಹಿ ಮಾಡಿದ ಯುಪಿಎಸ್ ಹದಿಮೂರಕ್ಕೇ ಸೋತುಹೋಗುತ್ತಿತ್ತು. ಇನ್ನು ಜನರೇಟರಿನ ಹುಚ್ಚಯ್ಯ, ಶುಕ್ರವಾರ ಪಕ್ಕದಲ್ಲೇ ಇದ್ದವನು ನಾಲ್ಕು ನಿಮಿಷಕ್ಕೆ ಬಂದಿದ್ದ. ಶನಿವಾರ ಟೀ ಅಂಗಡಿಯಿಂದ ಬರಲು ಹನ್ನೊಂದು ನಿಮಿಷ ತೆಗೆದುಕೊಂಡ.

ದ್ರಾಕ್ಷಾಯಿಣಿ ಪುಸ್ತಕದೊಳಗಿನ ಅಂಕಿಗಳನ್ನು ನೋಡಿದರು. ಜಾಣೆ, ಇವರ ಮೇಲೆ ಗೌರವವಿದ್ದವರು. ದನಿ ತಗ್ಗಿಸಿ ಹೇಳಿದರು: “ಸಾರ್, ಪ್ರಿಂಟರ್ ಎರಡನ್ನೂ ಬೇರೆ ಲೈನಿಗೆ ಹಾಕಿಬಿಡೋಣ. ಆಗ ನೀವು ಬರೆದಿರೋ ಮೂರೇ ಸಾಕಾಗುತ್ತೆ ಅಲ್ವಾ? ಕಾಗದ ಬದಲಾಯಿಸೋದು ಬೇಡ.”

ಲೆಕ್ಕದ ಪ್ರಕಾರ ಆಕೆ ಹೇಳಿದ್ದು ಸರಿಯಾಗಿತ್ತು. ಪರಮಶಿವಯ್ಯನವರು ಪೆನ್ನಿನ ಕ್ಯಾಪ್ ತೆಗೆದು, ಹಾಕಿ, ಮತ್ತೆ ತೆಗೆದು, ಪ್ರಿಂಟರುಗಳ ಕಡೆ ನೋಡಿದರು.

“ಬ್ಯಾಡ ಕಣಮ್ಮ. ಕರೆಂಟ್ ಹೋದಾಗ ಚೀಟಿ ಬರ್ಲಿಲ್ಲ ಅಂತ ಜನ ಕೂಗಾಡ್ತಾರೆ. ಹುಚ್ಚಯ್ಯ ಪಾಪ, ಅವ್ರ ಕಾಟ ತಡೀನಾರ್ದೆ ಪ್ಲಗ್ ಕಿತ್ತು ತಂದು ಯುಪಿಎಸ್ಸಿಗೇ ಸಿಕ್ಕಿಸ್ತಾನೆ. ನಾನಾಗಿದ್ರೂ ಅದ್ನೇ ಮಾಡ್ತಿದ್ದೆ.”

ಸೋಮವಾರದ ಸಭೆಗೆ ಬೆಂಗಳೂರಿನ ಮಾರಾಟಗಾರನೊಬ್ಬನೂ ಬಂದಿದ್ದ. ಅವನದು ಹತ್ತು ಕೆವಿಎ. ಪರಮಶಿವಯ್ಯನವರು ಎದ್ದು ನಿಂತು ಹೊಸ ಕಾಗದ ಓದಿದರು: “ಶುಕ್ರವಾರ ನಾನು ಮಾಡಿದ ಅಳತೆ ತಪ್ಪು. ಐದು ಕೆವಿಎ ಬೇಕು. ಬ್ಯಾಟರಿ ಅರ್ಧ ಗಂಟೆ ಬಾಳಬೇಕು.”

ಅಧ್ಯಕ್ಷ ಚನ್ನಲಿಂಗಪ್ಪನವರು ಕನ್ನಡಕ ತೆಗೆದರು. “ಏನ್ರೀ ಪರಮಶಿವಯ್ಯ, ಮೊನ್ನೆ ಮೂರು, ಇವತ್ತು ಐದು. ನಾಳೆ ಏಳು ಅಂತ ಬತ್ತೀರೇನು?”

“ಅದಕ್ಕೇ ಸಾರ್, ಹತ್ತು ಹಾಕಿಸಿಬಿಟ್ರೆ ಯೋಚನೇನೇ ಇರಲ್ಲ” ಎಂದ ಮಾರಾಟಗಾರ.

“ಹತ್ತಕ್ಕೆ ಇಪ್ಪತ್ತು ಬ್ಯಾಟ್ರಿ ಐತಪ್ಪ. ಮೂರ್ನಾಕು ವರ್ಸಕ್ಕೆ ಇಪ್ಪತ್ತೂ ಒಟ್ಟಿಗೆ ಬದಲಾಯಿಸ್ಬೇಕು. ಈ ಕಮಿಟಿ ಬದಲಾಯಿಸಲ್ಲ, ಬರ್ಕೊಡ್ತೀನಿ.” ಕಮಿಟಿಯವರೇ ಮೊದಲು ನಕ್ಕರು. ಚನ್ನಲಿಂಗಪ್ಪನವರು ಮಾತ್ರ ನಗಲಿಲ್ಲ. “ಮೊದಲನೇದು ತಪ್ಪಾದ್ರೆ ಎರಡನೇದನ್ನ ಯಾವ ಧೈರ್ಯದ ಮೇಲೆ ನಂಬೋದು?”

“ನಂಬಬ್ಯಾಡಿ. ನಾಳೆ ಬಂದು ಕೂತ್ಕೊಳಿ.”

ಮಂಗಳವಾರ ಆ ಸಣ್ಣ ಕೋಣೆಯಲ್ಲಿ ನಾಲ್ವರು ಕಮಿಟಿ ಸದಸ್ಯರು ಒತ್ತಿಕೊಂಡು ಕೂತರು. ಚನ್ನಲಿಂಗಪ್ಪನವರು ಟವೆಲನ್ನು ಕಿವಿ ಮುಚ್ಚುವಂತೆ ತಲೆಗೆ ಸುತ್ತಿಕೊಂಡಿದ್ದರು. ಎರಡನೇ ಸುತ್ತಿನಲ್ಲಿ ಅಂಕಿ ಒಂಬತ್ತು, ಹನ್ನೊಂದು, ಹದಿನಾರು ಎಂದು ಏರಿತು. ಅಲ್ಲಿಗೇ ನಿಂತಿತು. “ಸಾಕು ಎದ್ದೇಳ್ರಯ್ಯಾ, ಐದೇ ತರ್ಸಣ” ಎಂದು ಅಧ್ಯಕ್ಷರೇ ಮೊದಲು ಬಾಗಿಲು ತೆಗೆದರು.

ಐದು ಕೆವಿಎ ಬಂತು. ಆ ಮಳೆಗಾಲದಲ್ಲಿ ಕರೆಂಟು ಎಷ್ಟೋ ಬಾರಿ ಹೋಯಿತು, ಹರಾಜಿನ ಒಂದು ಸುತ್ತೂ ರದ್ದಾಗಲಿಲ್ಲ. ಆದರೆ ಪರಮಶಿವಯ್ಯನ ಲೆಕ್ಕ ತಪ್ಪುತ್ತದಂತೆ ಎಂಬ ಮಾತು ಸೋಲೂರಿನವರೆಗೂ ಹರಡಿತ್ತು. ಆ ವರ್ಷ ಮಾಗಡಿಯ ಕಾಲೇಜೊಂದು, ಕನಕಪುರದ ಆಸ್ಪತ್ರೆಯೊಂದು ಇವರನ್ನು ಬಿಟ್ಟು ಬೇರೆಯವರನ್ನು ಕರೆದವು. ಇವರು ಸಮಜಾಯಿಷಿ ಹೇಳಲು ಹೋಗಲಿಲ್ಲ. “ತಪ್ಪಿದ್ದು ದಿಟ ತಾನೆ?” ಎಂದರಷ್ಟೆ.

ನಮ್ಮ ಸಣ್ಣ ಊರುಗಳು ನಡೆಯುತ್ತಿರುವುದು ಬಹುಪಾಲು ಇಂಥವರಿಂದ. ಅವರ ವಿದ್ಯೆ ತಂತಿಯದ್ದು, ಕಬ್ಬಿಣದ್ದು, ನೀರಿನದ್ದು ಎಂದು ನಾವು ತಿಳಿದಿರುತ್ತೇವೆ. ನಿಜಕ್ಕೂ ಅದು ಮನುಷ್ಯರದ್ದು: ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆ, ಅವಸರದಲ್ಲಿ ಯಾರ ಕೈ ಎಲ್ಲಿಗೆ ಹೋಗುತ್ತದೆ ಎಂಬುದರ ತಿಳಿವಳಿಕೆ. ಅವರೂ ತಪ್ಪುತ್ತಾರೆ. ಆದರೆ ತಮ್ಮ ಹೆಸರನ್ನು ಉಳಿಸಿಕೊಳ್ಳಲು ಒಂದು ಜಾಣ ದಾರಿ ಕಣ್ಣೆದುರಿಗೇ ಇದ್ದಾಗಲೂ, ಅದರ ಭಾರ ಕೊನೆಗೆ ಬೀಳುವುದು ಇನ್ನಾರೋ ಹೆಂಗಸಿನ ಗೂಡಿನ ಬುಟ್ಟಿಯ ಮೇಲೆ ಎಂಬುದು ಅವರಿಗೆ ಕಾಣುತ್ತದೆ. ಕಂಡ ಮೇಲೆ ಕಾಣದವರಂತೆ ಇರುವುದು ಅವರಿಂದಾಗುವುದಿಲ್ಲ.