ಹೋಗದ ಊರಿನ ಏಳು ಫೋಟೋಗಳು

ಅತ್ತೆಗೆ ಅರವತ್ತೈದು ತುಂಬುವ ದಿನಕ್ಕೆ ಒಂದು ಸ್ಕ್ರ್ಯಾಪ್‌ಬುಕ್ ಮಾಡಿಕೊಡಬೇಕೆಂದು ಸೌಮ್ಯಶ್ರೀ ಹೊರಟಳು. ಮಗಳು ತೃಷಾಳ ಮೊದಲ ವರ್ಷದ ಫೋಟೋಗಳನ್ನೆಲ್ಲ ಬಣ್ಣದ ದಪ್ಪ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಒಂದೆರಡು ಸಾಲು ಬರೆದು ಅವಳು ಹಿಂದೆ ಒಂದು ಪುಸ್ತಕ ಮಾಡಿದ್ದಳು. ಕೋಟದ ಮನೆಗೆ ಬಂದ ನೆಂಟರೆಲ್ಲ ಅದನ್ನು ತಿರುವಿ ನೋಡಿ ಹೊಗಳಿದ್ದರು. ಈ ಸಲ ಅತ್ತೆ ಗಿರಿಜಾ ಮತ್ತು ತೀರಿಹೋದ ಮಾವ ಗುಣಪಾಲ ಶೆಟ್ಟರ ಫೋಟೋಗಳು.

ಮಾವ ಮುಂಬೈಯ ಘಾಟ್ಕೋಪರಿನಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವರು. ಅತ್ತೆಯೂ ಅಲ್ಲೇ ಅಡುಗೆಮನೆ ನೋಡಿಕೊಂಡಿದ್ದವರು. ಒಬ್ಬನೇ ಮಗ ನಿತೇಶನನ್ನು ಶಾಲೆಗೆಂದು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು.

ಮಾವನ ಹಳೆಯ ಸೂಟ್‌ಕೇಸಿನ ತಳದಲ್ಲಿ ಕುಂದಾಪುರದ ಒಂದು ಸ್ಟುಡಿಯೋದ ಹೆಸರಿದ್ದ ಲಕೋಟೆ ಸಿಕ್ಕಿತು. ಒಳಗೆ ಏಳು ಫೋಟೋ. ಸರೋವರದ ದಂಡೆಯಲ್ಲಿ ಅತ್ತೆ ಮಾವ, ಹಿಂದೆ ದೋಣಿ, ಕೆಂಪು ಟೊಪ್ಪಿಯ ದೋಣಿಯವನು. ತಾಜಮಹಲಿನ ಮುಂದೆ ಇಬ್ಬರು. ಡಾರ್ಜಿಲಿಂಗಿನ ಚಹಾ ತೋಟದಲ್ಲಿ ಇಬ್ಬರು. ಹಿಂಬದಿಯಲ್ಲಿ ಮಾವನದೇ ಅಕ್ಷರ: ‘ನೈನಿತಾಲ್, 1993.’ ‘ಆಗ್ರಾ, 1994.’ ಹೀಗೆ ಏಳಕ್ಕೂ ಊರು, ಇಸವಿ.

ಸೌಮ್ಯ ಖುಷಿಯಿಂದ ಅವನ್ನು ಅತ್ತೆಯ ಮುಂದೆ ಹರಡಿದಳು. “ಅತ್ತೆ, ಇಲ್ಲಿಗ್ ಹೋದ್ ಕತಿ ಹೇಳಿನಿ. ಬದಿಯಗೆ ಬರಿತೆ.”

ಗಿರಿಜಾ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. “ಇದ್ ನಾನೇ. ಸೀರೆಯೂ ನಂದೇ. ಆದ್ರೆ ಈ ಜಾಗಕ್ಕೆಲ್ಲ ನಾ ಹೋಯಿಲ್ಲ ಮಾರಾಯ್ತಿ.”

ಕೋಟದ ಹೆದ್ದಾರಿ ಬದಿಯ ತನ್ನ ಟೈಲ್ಸ್ ಅಂಗಡಿಯಿಂದ ಊಟಕ್ಕೆ ಬಂದ ನಿತೇಶ್ ಫೋಟೋ ನೋಡಿದ. “ಫೋಟೋದಗೆ ನೀನೇ ಇದ್ದಿ. ಅಪ್ಪಯ್ಯನ ಅಕ್ಷರ ಇತ್ತ್. ಹೋಯಿಲ್ಲ ಅಂದ್ರೆ ಹ್ಯಾಂಗ್?”

“ಹೋಟ್ಲ್ ಬಿಟ್ಟ್ ನಾವ್ ಎಲ್ಲಿಗ್ ಹೋಪ್ದ್ ಮಗಾ?”

 ಕೈ ತೊಳೆಯಲು ಹೋದಾಗ ನಿತೇಶ್ ಹೆಂಡತಿಗೆ ಮಾತ್ರ ಕೇಳುವ ಹಾಗೆ ಹೇಳಿದ: “ತೊಂಬತ್ಮೂರ್‌ರಗೆ ನಂಗೆ ಆರ್ ವರ್ಷ. ಹೋಟ್ಲಿಗ್ ರಜೆ ಇಲ್ಲ ಅಂದೇಳಿ ಅವ್ರ್ ವರ್ಷಕ್ಕೊಂದ್ ಸಲ ಬಪ್ದ್. ತಿರ್ಗುಕೆ ರಜೆ ಇದ್ದಿತ್ತ್, ಕಾಣ್.” ಮೂವತ್ತು ವರ್ಷ ಮನಸ್ಸಿನಲ್ಲಿಲ್ಲದ ಸಿಟ್ಟು ಈಗ ಎಲ್ಲಿಂದ ಎದ್ದಿತೋ ಅವನಿಗೂ ತಿಳಿಯಲಿಲ್ಲ.

ಅತ್ತೆ ಸುಳ್ಳು ಹೇಳುವವರಲ್ಲ. ಹಾಗಾದರೆ ಮರೆವೇ? ಬ್ರಹ್ಮಾವರದ ಡಾಕ್ಟರರಲ್ಲಿಗೆ ಕರೆದೊಯ್ದರು. ಡಾಕ್ಟರು ವಾರ, ತಿಂಗಳು ಕೇಳಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಗಿರಿಜಾ ಒಂದೂ ತಪ್ಪದೆ ಹೇಳಿದರು. “ನಂಗೇನೂ ತೊಂದರೆ ಕಾಣಿಸುದಿಲ್ಲ. ಆದ್ರೂ ಸ್ವಲ್ಪ ಗಮನ ಇಡಿ” ಎಂದು ಡಾಕ್ಟರು ಕಳಿಸಿಕೊಟ್ಟರು. ಇದ್ದ ಗೊಂದಲ ಇದರಿಂದ ಇನ್ನೂ ಹೆಚ್ಚಿತು.

ಹೋಗಿಬಂದವಳೆಂದೇ ತನ್ನನ್ನು ನೋಡುವ ಮಗ ಒಂದು ಕಡೆ, ಹೋಗಿಲ್ಲ ಎನ್ನುವ ತನ್ನ ತಲೆ ಇನ್ನೊಂದು ಕಡೆ. ಯಾವುದನ್ನು ನಂಬುವುದೆಂದು ಗಿರಿಜಾ ದಿನವಿಡೀ ಯೋಚಿಸತೊಡಗಿದರು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ರುಚಿ ನೋಡುವರು. ಒಂದು ದಿನ ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತಿದ್ದವರು ತಟ್ಟನೆ ಹೇಳಿದರು:

“ಸೌಮ್ಯಾ, ನೆನ್ಪಾತ್. ಅಲ್ಲಿ ಚಳಿ ಇದ್ದಿತ್ತ್. ದೋಣಿಯವ ಕೆಂಪ್ ಟೊಪ್ಪಿ ಹಾಕಿದ್ದ.”

 ಕೆಂಪು ಟೊಪ್ಪಿ ಫೋಟೋದಲ್ಲೇ ಇತ್ತು. ಅತ್ತೆ ನೆನಪು ಮಾಡಿಕೊಳ್ಳುತ್ತಿಲ್ಲ, ತಮ್ಮ ಸಮಾಧಾನಕ್ಕಾಗಿ ನೆನಪನ್ನು ಹುಟ್ಟಿಸಿಕೊಳ್ಳುತ್ತಿದ್ದಾರೆ ಎಂದು ಸೌಮ್ಯಳಿಗೆ ಅನ್ನಿಸಿತು. ಈ ಪುಸ್ತಕದ ಕೆಲಸ ಶುರು ಮಾಡಲೇಬಾರದಿತ್ತೇನೋ.

ಆದರೂ ಆ ಮಧ್ಯಾಹ್ನ ನೈನಿತಾಲಿನ ಫೋಟೋವನ್ನು ದೊಡ್ಡದು ಮಾಡಿಸಲೆಂದು ಮೊಬೈಲಿನಲ್ಲಿ ತೆಗೆದಳು. ಸ್ಪಷ್ಟವಾಗಿದೆಯೇ ಎಂದು ಬೆರಳಿನಿಂದ ಹಿಗ್ಗಿಸಿ ನೋಡುವಾಗ ಅತ್ತೆಯ ಸೊಂಟದ ಹತ್ತಿರ ಏನೋ ಕಂಡಿತು. ಸೆರಗಿನ ಅಂಚನ್ನು ಹಿಡಿದ ಮೂರು ಪುಟ್ಟ ಬೆರಳುಗಳು. ಬೆರಳಷ್ಟೇ. ಅವುಗಳ ಹಿಂದೆ ಕೈಯಿಲ್ಲ, ಮಗುವಿಲ್ಲ, ನೀರು ಮಾತ್ರ.

ಅವಳು ಮೊಬೈಲನ್ನು ಗಂಡನ ಮುಂದೆ ಹಿಡಿದಳು. ನಿತೇಶ್ ಬಹಳ ಹೊತ್ತು ನೋಡಿದ. “ಈ ಸೀರೆ ಬಾರ್ಕೂರ್ ಮಾವನ ಮದ್ವಿದ್” ಎಂದ. ಸಂಜೆಯೇ ಬೈಕಿನಲ್ಲಿ ಬಾರ್ಕೂರಿಗೆ ಹೋಗಿ ಸೋದರಮಾವನ ಮದುವೆಯ ಆಲ್ಬಮ್ ತಂದ. ಅದರಲ್ಲಿ ಅಪ್ಪ ಅಮ್ಮ ಜೊತೆಗೆ ನಿಂತ ಒಂದು ಫೋಟೋ: ಅಮ್ಮನ ಅದೇ ನಗು, ಅದೇ ಸೀರೆ, ತಲೆಯಲ್ಲಿ ಅದೇ ಮಲ್ಲಿಗೆ. ಪಕ್ಕದಲ್ಲಿ ಸೆರಗು ಹಿಡಿದು ನಿಂತ ಐದು ವರ್ಷದ ನಿತೇಶ್.

“ನನ್ನನ್ನ ಕತ್ತರ್ಸಿ ತೆಗ್ದಿರ್” ಎಂದು ಅವನು ನಗಲು ಹೋದ. ನಗು ಬರಲಿಲ್ಲ. “ಅಮ್ಮ ಹೇಳಿದ್ದೇ ಸಮ. ನಾನ್ ಡಾಕ್ಟ್ರ ಹತ್ರ ಕರ್ಕಂಡ್ ಹೋದೆ.”

ಮರುದಿನ ಮೂವರೂ ಕುಂದಾಪುರಕ್ಕೆ ಬಸ್ಸು ಹತ್ತಿದರು. ಲಕೋಟೆಯ ಮೇಲಿದ್ದ ಸ್ಟುಡಿಯೋ ಇನ್ನೂ ಇತ್ತು. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು ಮಾತ್ರ. ಮಾಲೀಕ ಉಮಾನಾಥ ಫೋಟೋಗಳನ್ನು ನೋಡಿದ ಕೂಡಲೇ ಗುರುತು ಹಿಡಿದರು.

“ಹ್ವಾಯ್, ಇದ್ ನಾನೇ ಮಾಡ್ದ್. ಎರಡ್ ಸಾವ್ರದ್ ಇಸ್ವಿ ಹೊತ್ತಿಗೆ, ಕಂಪ್ಯೂಟರ್ ತಕಂಡ್ ಹೊಸ್ತ್. ಶೆಟ್ರ್ ಪ್ರತಿ ವರ್ಷ ಊರಿಗ್ ಬಂದಾಗ ಒಂದ್ ಕ್ಯಾಲೆಂಡರ್ ಚಿತ್ರ ತಕಂಡ್ ಬಪ್ದ್, ಇದ್ರಗೆ ನಮ್ ಇಬ್ರನ್ನೂ ನಿಲ್ಸ್ ಅಂಬ್ದ್. ಮಕ್ಳನ್ನ ತೆಗುದ್ ಕಷ್ಟ ಆತಿದ್ದಿತ್ತ್ ಆಗ.”

“ಎಂತಕ್ಕೆ ಮಾಡ್ಸಿದ್ದ್?” ಗಿರಿಜಾ ಕೇಳಿದರು.

“ನಾನೂ ಕೇಂಡಿದ್ದೆ ಅಮ್ಮ. ಹಿಂದೆ ಹಳೆ ಇಸ್ವಿ ಬರುದ್ ಎಂತಕ್ಕೆ ಅಂದೇಳಿಯೂ ಕೇಂಡೆ. ‘ಆ ವರ್ಷ ಹೋಪ ಅಂದೇಳಿ ಇದ್ದಿತ್ತ್’ ಅಂದ್ರ್. ಅದ್ರಿಂದ ಹೆಚ್ಚ್ ಮಾತಾಡ್ಲಿಲ್ಲ.”

ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಕಡೆಗೇ ನೋಡುತ್ತಿದ್ದರು. ತಲೆ ಸರಿಯಿದೆ ಎಂದು ಗೊತ್ತಾದ ನೆಮ್ಮದಿ ಅವರ ಮುಖದಲ್ಲಿರಲಿಲ್ಲ. ತೆಕ್ಕಟ್ಟೆ ದಾಟಿದ ಮೇಲೆ ಬಾಯಿಬಿಟ್ಟರು.

“ನಾಲ್ಕ್ ದಿನ ಹೋಟ್ಲಿನ್ ಬಾಗ್ಲ್ ಹಾಕುಕೆ ಅವ್ರಿಗೆ ಆಯ್ಲಿಲ್ಲ. ಫೋಟೋ ಮಾಡ್ಸುಕೆ ಪುರ್ಸೊತ್ ಇದ್ದಿತ್ತ್. ಮಾಡ್ಸಿದ್ರ್, ಸಮ. ನಂಗೆ ತೋರ್ಸುಕೆ ಎಂತ ಆಯ್ತ್?”

“ನಾಚ್ಕೆ ಆಯ್ತೋ ಏನೋ, ಅತ್ತೆ.”

“ನಾಚ್ಕೆಯಾ, ಹೆದ್ರಿಕೆಯಾ? ತೋರ್ಸಿರೆ ನಾ ಹೋಪ ಅಂತಿದ್ದೆ ಅಂದೇಳಿ?” ಮತ್ತೆ ತಾವೇ, “ನಂಗೆ ಸಿಟ್ಟ್ ಬತ್ತಾ ಇತ್ತಾ, ಅಳು ಬತ್ತಾ ಇತ್ತಾ, ಅದೂ ಗೊತ್ತಾತಿಲ್ಲ” ಎಂದರು.

ಮನೆಗೆ ಬಂದ ಮೇಲೆ ಸೌಮ್ಯ ಆ ಲಕೋಟೆಯನ್ನು ಕಪಾಟಿಗೆ ಇಡಲು ಹೋದಳು. ಗಿರಿಜಾ ತಡೆದರು. “ಇಡ್‌ಬೇಡ. ಅಂಟ್ಸ್. ನಾ ಹೇಳ್ತೆ, ನೀ ಬರಿ.”

ಅಂಗಳದ ನೆರಳಿನಲ್ಲಿ ಇಬ್ಬರೂ ಕೂತರು. ಸೌಮ್ಯ ನೀಲಿ ಹಾಳೆಯ ನಡುವೆ ಮೊದಲ ಫೋಟೋ ಅಂಟಿಸಿ ಪೆನ್ನು ಹಿಡಿದಳು. ಗಿರಿಜಾ ನಿಧಾನವಾಗಿ ಹೇಳಿದರು: “ನೈನಿತಾಲ್. ನಾವು ಹೋಗಿಲ್ಲ. ಅವರಿಗೆ ಹೋಗುವ ಆಸೆ ಇತ್ತು. ನನಗೆ ಹೇಳಲಿಲ್ಲ.”

“ಕಡೇ ಸಾಲ್ ಬೇಕಾ ಅತ್ತೆ? ನೆಂಟ್ರೆಲ್ಲ ಓದ್ತ್ರ್.”

“ಓದ್ಲಿ. ಆದದ್ದ್ ಅದೇ ಅಲ್ದಾ?”

ಏಳು ಫೋಟೋಗಳಿಗೆ ಮೂರು ದಿನ ಹಿಡಿಯಿತು. ಕೆಲವಕ್ಕೆ ಗಿರಿಜಾ ಆ ವರ್ಷ ನಿಜವಾಗಿ ಏನಾಗಿತ್ತೆಂದು ಹೇಳಿದರು. ಆಗ್ರಾದ ವರ್ಷ ಹೋಟೆಲಿನ ಭಟ್ಟರು ಹೇಳದೆ ಬಿಟ್ಟುಹೋಗಿ ತಾವೇ ಎರಡು ತಿಂಗಳು ದೋಸೆ ಹೊಯ್ದದ್ದು. ಡಾರ್ಜಿಲಿಂಗಿನ ವರ್ಷ ನಿತೇಶನಿಗೆ ಟೈಫಾಯ್ಡ್ ಬಂದದ್ದು, ಊರಿನಿಂದ ಕಾಗದ ಮುಂಬೈಗೆ ತಲುಪುವ ಹೊತ್ತಿಗೆ ಅವನು ಹುಷಾರಾಗಿದ್ದದ್ದು. ಅದನ್ನು ಓದಿದ ದಿನ ನಿತೇಶ್ ಅಂಗಡಿಗೆ ತಡವಾಗಿ ಹೋದ. ಹೋಗುವ ಮುಂಚೆ ಅಮ್ಮನ ಹತ್ತಿರ ಬಂದು ನಿಂತ.

“ಅಮ್ಮಾ, ಈಗ ಹೋಪನಾ? ನೈನಿತಾಲಿಗೆ. ಎಲ್ಲರೂ.”

 ಆ ದಿನ ಕಳೆಯಿತು. ಮಾರನೆಯ ಬೆಳಿಗ್ಗೆ ಚಹಾ ಕೊಡುತ್ತ ಗಿರಿಜಾ ಹೇಳಿದರು: “ಹೋಪ ಆಸೆ ನಂದಾ, ಅವ್ರದ್ದಾ ಅಂದೇಳಿ ರಾತ್ರೆಯಿಡೀ ಯೋಚ್ನೆ ಮಾಡ್ದೆ. ಗೊತ್ತಾಯ್ಲಿಲ್ಲ. ಆದ್ರೂ ಟಿಕೆಟ್ ಮಾಡ್ಸ್. ಹೋಯಿ ಕಾಂಬ.”